ಕರೆದರೆ ಓಡಿಬರುತ್ತಿದ್ದ ಕುದುರೆ ಜೀನು ಕಂಡರೆ ಏಕೆ ದೂರ ಸರಿಯುತ್ತದೆ?

ಪ್ರಶ್ನೆ: ನಾನು ತಾಳವಾಡಿ ಸೀಮೆಯ ರೈತ. ಕಳೆದ ವರ್ಷ ಅಂತಿಯೂರಿನ ಗುರುನಾಥಸ್ವಾಮಿ ಜಾತ್ರೆಯ ಕುದುರೆ ಸಂತೆಯಲ್ಲಿ ಮಾರ್ವಾರಿ ಮಿಶ್ರ ತಳಿಯ ಒಂದು ಹೆಣ್ಣು ಕುದುರೆಯನ್ನು ಕೊಂಡು ತಂದೆ. ಐದು ವರ್ಷದ್ದೆಂದು ಮಾರಿದವರು ಹೇಳಿದರು. ಚೆನ್ನಿ ಎಂದು ಹೆಸರಿಟ್ಟಿದ್ದೇವೆ. ಮೊದಮೊದಲು ಹೆಸರು ಹಿಡಿದು ಕರೆದರೆ ಓಡಿಬರುತ್ತಿತ್ತು, ಕೈಯಿಂದಲೇ ಬೆಲ್ಲ ತಿನ್ನುತ್ತಿತ್ತು. ಬೆಲ್ಲ ತೋರಿಸಿ ಹಿಡಿದು ಜೀನು ಹಾಕುವುದು ನಮ್ಮ ರೂಢಿ. ಈಗ ಎರಡು ತಿಂಗಳಿಂದ ಬೆಲ್ಲ ಹಿಡಿದು ಹೋದರೂ ಅನುಮಾನದಿಂದ ನೋಡುತ್ತದೆ. ಜೀನು ಕಂಡರೆ ಕಿವಿಗಳನ್ನು ಹಿಂದಕ್ಕೆ ಒತ್ತಿ ದೂರ ಸರಿಯುತ್ತದೆ, ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬರುತ್ತದೆ. ತೋಟದ ದಾರಿಯ ಮೋರಿಯ ಬಳಿ ನಿಂತುಬಿಟ್ಟರೆ ಮುಂದೆ ಹೆಜ್ಜೆ ಇಡುವುದಿಲ್ಲ. ಸಂತೆಯಲ್ಲಿ ಕುದುರೆಯ ಜೊತೆ ಕೊಟ್ಟ ಕಡಿವಾಣದಲ್ಲಿ ಸಣ್ಣ ಮುಳ್ಳುಗಳಿವೆ. ಅದನ್ನು ಇನ್ನೂ ಬಿಗಿಯಾಗಿ ಹಾಕಿ ನಾಲ್ಕು ಬಾರಿಸಿದರೆ ಸರಿಹೋಗುತ್ತದೆ ಎಂದು ಪರಿಚಯದ ಹಿರಿಯರೊಬ್ಬರು ಹೇಳುತ್ತಾರೆ. ನನ್ನ ತೂಕ 78 ಕೆ.ಜಿ., ಹದಿನಾಲ್ಕು ವರ್ಷದ ಮಗನದು 42 ಕೆ.ಜಿ. ಅವನಿಗೂ ಸವಾರಿ ಕಲಿಯುವ ಆಸೆಯಿತ್ತು, ಈಗ ಹೆದರಿದ್ದಾನೆ. ಚೆನ್ನಿಯ ಎದೆಯ ಸುತ್ತಳತೆ 160 ಸೆಂ.ಮೀ., ಉದ್ದ 145 ಸೆಂ.ಮೀ. ರಾತ್ರಿ ದನಗಳ ಕೊಟ್ಟಿಗೆಯ ಪಕ್ಕದ ಚಪ್ಪರದಲ್ಲಿ ಕಟ್ಟುತ್ತೇವೆ. ಇದಕ್ಕೆ ನಮ್ಮ ಮೇಲೆ ನಂಬಿಕೆ ಹುಟ್ಟಿಸುವುದು ಹೇಗೆ?

ಉತ್ತರ: ಮಾನ್ಯರೇ, ಕುದುರೆಯ ಅಳತೆಯನ್ನೂ ಕಡಿವಾಣದ ವಿವರವನ್ನೂ ಮುಚ್ಚುಮರೆಯಿಲ್ಲದೆ ಬರೆದಿದ್ದೀರಿ. ಅದರಿಂದ ಉತ್ತರ ಹೇಳುವುದು ಸುಲಭವಾಗಿದೆ. ನಿಮ್ಮ ಚೆನ್ನಿ ಹಟಮಾರಿಯಲ್ಲ. ನೀವು ಹೇಳಿದ ಲಕ್ಷಣಗಳಲ್ಲಿ ಒಂದೂ ಹಟದ ಲಕ್ಷಣವಲ್ಲ. ಎಲ್ಲವೂ ನೋವಿನ ಅಥವಾ ಭಯದ ಲಕ್ಷಣಗಳು, ಅದರಲ್ಲಿಯೂ ನೋವಿನ ಪಾಲು ಹೆಚ್ಚಿರಬಹುದೆಂದು ನನ್ನ ಅಂದಾಜು. ಆದ್ದರಿಂದ ಹಿರಿಯರ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ.

ನಂಬಿಕೆ ಎಂದರೆ ಕುದುರೆಯ ಮಟ್ಟಿಗೆ ಏನು ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ, ಏಕೆಂದರೆ ಇಲ್ಲಿಯೇ ಬಹಳ ಮಂದಿ ದಾರಿ ತಪ್ಪುತ್ತಾರೆ. ಕುದುರೆ ಬಯಲಿನಲ್ಲಿ ಹಿಂಡಾಗಿ ಬದುಕಿ, ಅಪಾಯ ಕಂಡ ಕೂಡಲೇ ಓಡಿ ಜೀವ ಉಳಿಸಿಕೊಂಡು ಬಂದ ಪ್ರಾಣಿ. ಹತ್ತಿರ ಬಂದವರು ಮುಂದೆ ಏನು ಮಾಡುತ್ತಾರೆ ಎಂಬುದು ಅದಕ್ಕೆ ಮೊದಲೇ ಗೊತ್ತಾಗುವಂತಿದ್ದರೆ, ಮತ್ತು ತನಗೆ ಆಗದಿದ್ದಾಗ ಅದು ಕೊಡುವ ಸಣ್ಣ ಸೂಚನೆಯನ್ನು ಎದುರಿನವರು ಗಮನಿಸಿ ನಿಲ್ಲುತ್ತಾರೆ ಎಂಬುದು ಅನುಭವಕ್ಕೆ ಬಂದಿದ್ದರೆ, ಅದು ಓಡುವ ಸಿದ್ಧತೆಯನ್ನು ಬಿಟ್ಟು ನಿಲ್ಲುತ್ತದೆ. ಆ ನಿಲುವನ್ನೇ ನಾವು ನಂಬಿಕೆ ಎಂದು ಕರೆಯುವುದು. ಮುದ್ದು ಮಾಡುವುದು, ತಿನ್ನಿಸುವುದು, ಹೆಸರು ಹಿಡಿದು ಕರೆಯುವುದು ಇವೆಲ್ಲ ಒಳ್ಳೆಯವೇ, ಆದರೆ ಅವುಗಳಿಂದಲೇ ಈ ನಿಲುವು ಬರುವುದಿಲ್ಲ. ಒಂದು ದಿನ ಸಮಾಧಾನದಿಂದ, ಇನ್ನೊಂದು ದಿನ ಅವಸರದಿಂದ, ಮತ್ತೊಂದು ದಿನ ಸಿಟ್ಟಿನಿಂದ ನಡೆದುಕೊಳ್ಳುವ ಯಜಮಾನ ಎಷ್ಟೇ ಬೆಲ್ಲ ತಿನ್ನಿಸಿದರೂ ಕುದುರೆಯ ಪಾಲಿಗೆ ಊಹೆಗೆ ಸಿಗದ ಮನುಷ್ಯನಾಗಿಯೇ ಉಳಿಯುತ್ತಾನೆ.

ಈಗ ನೋವಿನ ವಿಚಾರ. ಮುಳ್ಳಿನ ಕಡಿವಾಣವನ್ನು ಇಂದೇ ತೆಗೆದಿಡಿ. 1965ರ ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳ ಹಿಂಸೆ ತಡೆ ನಿಯಮಗಳ 8ನೆಯ ನಿಯಮವು ಸವಾರಿಗಾಗಲೀ ಗಾಡಿಗಾಗಲೀ ಮುಳ್ಳು, ಗುಬುಟು ಅಥವಾ ಚೂಪಾದ ಭಾಗಗಳಿರುವ ಕಡಿವಾಣವನ್ನು ಬಳಸುವುದನ್ನು ನಿಷೇಧಿಸಿದೆ. ಸಂತೆಯಲ್ಲಿ ಎಲ್ಲರ ಕಣ್ಣೆದುರೇ ಮಾರಿದರೂ ಅದನ್ನು ಬಳಸುವುದು ಕಾನೂನಿಗೆ ವಿರುದ್ಧ. ಕುದುರೆಯ ಕೆಳದವಡೆಯಲ್ಲಿ ಮುಂದಿನ ಹಲ್ಲುಗಳಿಗೂ ದವಡೆಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಒಂದು ಜಾಗವಿದೆ. ಕಡಿವಾಣ ಕೂರುವುದು ನಾಲಿಗೆಯ ಮೇಲೆ ಮತ್ತು ಆ ಜಾಗದ ಮೇಲೆ. ಅಲ್ಲಿ ಮೂಳೆಗೂ ಕಬ್ಬಿಣಕ್ಕೂ ನಡುವೆ ತೆಳುವಾದ ಒಸಡಿನ ಚರ್ಮ ಮಾತ್ರ ಇರುತ್ತದೆ. ಹಗಲು ಬೆಳಕಿನಲ್ಲಿ ಚೆನ್ನಿಯ ತುಟಿಯ ಸಂದುಗಳನ್ನು ಮೆಲ್ಲನೆ ಬಿಡಿಸಿ ನೋಡಿ. ಬಿಳಿಚಿದ ಗೆರೆ, ಗಟ್ಟಿಯಾದ ಗಂಟು, ಹಸಿ ಗಾಯ, ನಾಲಿಗೆಯ ಅಂಚಿನಲ್ಲಿ ಕಡಿದ ಗುರುತು ಇವುಗಳಲ್ಲಿ ಯಾವುದು ಕಂಡರೂ ಬಾಯಿಗೆ ಕೆಲವು ವಾರಗಳ ಪೂರ್ಣ ವಿಶ್ರಾಂತಿ ಬೇಕು. ಮೂಗಿನ ಮೂಳೆಯ ಮೇಲೆ ಕೂದಲು ಉದುರಿದ ಅಥವಾ ಬಿಳಿ ಕೂದಲು ಬೆಳೆದ ಪಟ್ಟೆಯಿದ್ದರೆ, ಹಿಂದಿನವರು ಅಲ್ಲಿ ಸರಪಳಿ ಅಥವಾ ಬಿಗಿಯಾದ ಪಟ್ಟಿ ಹಾಕಿದ್ದರೆಂದು ತಿಳಿಯಬಹುದು. ಮುಂದೆ ಮೂಗುಪಟ್ಟಿ ಹಾಕುವಾಗ ಮೂಗಿನ ಮೂಳೆಯ ಮೇಲ್ಭಾಗದಲ್ಲಿ ನಿಮ್ಮ ಎರಡು ಬೆರಳು ಸಲೀಸಾಗಿ ತೂರುವಷ್ಟು ಸಡಿಲವಿರಬೇಕು.

ಹಲ್ಲುಗಳ ತಪಾಸಣೆಯನ್ನೂ ಮಾಡಿಸಿ. ಕುದುರೆಯ ದವಡೆಹಲ್ಲುಗಳು ಸವೆಯುವಾಗ ಮೇಲಿನ ಸಾಲಿನ ಹೊರ ಅಂಚಿನಲ್ಲಿಯೂ ಕೆಳಗಿನ ಸಾಲಿನ ಒಳ ಅಂಚಿನಲ್ಲಿಯೂ ಚೂಪಾದ ಮೊನೆಗಳು ಏಳುತ್ತವೆ. ಅವು ಕೆನ್ನೆಯನ್ನೂ ನಾಲಿಗೆಯನ್ನೂ ಕೊಯ್ಯುತ್ತವೆ. ವರ್ಷಕ್ಕೊಮ್ಮೆಯಾದರೂ ಅರದಿಂದ ಉಜ್ಜಿಸಬೇಕು. ವಯಸ್ಸಿನ ವಿಷಯದಲ್ಲಿ ಮಾರಿದವರ ಮಾತು ನಿಜವೇ ಎಂಬುದೂ ಅದೇ ಹೊತ್ತಿಗೆ ತಿಳಿಯುತ್ತದೆ. ಮುಂದಿನ ಹಲ್ಲುಗಳಲ್ಲಿ ಅಂಚಿನವು ಸುಮಾರು ನಾಲ್ಕೂವರೆ ವರ್ಷಕ್ಕೆ ಹೊಸದಾಗಿ ಹುಟ್ಟುತ್ತವೆ. ಅಲ್ಲಿ ಇನ್ನೂ ಹಾಲುಹಲ್ಲೇ ಇದ್ದರೆ ನೀವು ಸವಾರಿ ಮಾಡುತ್ತಿರುವುದು ಬೆನ್ನುಮೂಳೆ ಇನ್ನೂ ಬಲಿಯದ ಎಳೆಯ ಕುದುರೆಯ ಮೇಲೆ. ತಾಳವಾಡಿಯಲ್ಲಿ ಇಂಥ ಕೆಲಸ ಬಲ್ಲವರು ಸಿಗುವುದು ಕಷ್ಟ, ಆದರೆ ಮೈಸೂರಿನಲ್ಲಿ ರೇಸ್ ಕುದುರೆಗಳೂ ಅಶ್ವಾರೋಹಿ ಪೊಲೀಸ್ ದಳವೂ ಇರುವುದರಿಂದ ಕುದುರೆಗಳನ್ನೇ ನೋಡಿ ಪಳಗಿದ ಪಶುವೈದ್ಯರು ಆ ಕಡೆ ಇದ್ದಾರೆ. ಒಮ್ಮೆ ಕರೆಸಿದಾಗ ಹಲ್ಲು, ಬೆನ್ನು, ಗೊರಸು ಮೂರನ್ನೂ ನೋಡಲು ಹೇಳಿ. ಧನುರ್ವಾಯು ಕುದುರೆಗೆ ಬಹುಬೇಗ ತಗಲುವ ರೋಗವಾದ್ದರಿಂದ ಅದರ ಲಸಿಕೆಯನ್ನೂ ಹಾಕಿಸಿಬಿಡಿ.

ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬರುತ್ತದೆ ಎಂದು ಬರೆದಿದ್ದೀರಲ್ಲ, ಅದನ್ನು ಓದಿ ನನಗೆ ಮೂರು ಕಾರಣಗಳು ಹೊಳೆದವು. ಮೊದಲನೆಯದು ಜೀನು. ಜೀನು ತೆಗೆದ ಕೂಡಲೇ ಬೆನ್ನಿನ ಬೆವರಿನ ಗುರುತನ್ನು ಗಮನಿಸಿ. ಸುತ್ತಲೂ ಒದ್ದೆಯಾಗಿದ್ದು ನಡುವೆ ಅಂಗೈಯಗಲದ ಒಣ ಜಾಗವಿದ್ದರೆ, ಅಲ್ಲಿ ಜೀನು ಅತಿಯಾಗಿ ಒತ್ತುತ್ತಿರಬಹುದು. ಕುತ್ತಿಗೆ ಮುಗಿದು ಬೆನ್ನು ಆರಂಭವಾಗುವ ಉಬ್ಬಿನ ಮೇಲೆ ಬಿಳಿ ಕೂದಲಿದ್ದರೆ ಅದು ಹಳೆಯ ಗಾಯದ ಕುರುಹು. ಎರಡನೆಯದು ಹೊಟ್ಟೆಹುಣ್ಣು. ಕುದುರೆಯ ಜಠರದಲ್ಲಿ ಮೇವು ಇದ್ದರೂ ಇಲ್ಲದಿದ್ದರೂ ಆಮ್ಲ ಸದಾ ಸುರಿಯುತ್ತಲೇ ಇರುತ್ತದೆ, ಏಕೆಂದರೆ ಅದು ದಿನದ ಹೆಚ್ಚಿನ ಹೊತ್ತು ಮೇಯುತ್ತಲೇ ಇರಬೇಕಾದ ಪ್ರಾಣಿ. ಬೆಳಿಗ್ಗೆ ಒಂದು ಬಾರಿ, ಸಂಜೆ ಒಂದು ಬಾರಿ ಮೇವು ಹಾಕಿ ನಡುವೆ ಬಾಯಿ ಕಟ್ಟಿದಂತೆ ನಿಲ್ಲಿಸಿದರೆ ಆ ಆಮ್ಲ ಜಠರದ ಮೇಲ್ಭಾಗದ ಗೋಡೆಯನ್ನು ಸುಡುತ್ತದೆ. ದೇಹದ ತೂಕದ ನೂರಕ್ಕೆ ಒಂದೂವರೆಯಿಂದ ಎರಡು ಭಾಗದಷ್ಟು ಒಣಮೇವು, ಎಂದರೆ ಚೆನ್ನಿಗೆ ದಿನಕ್ಕೆ ಸುಮಾರು 5ರಿಂದ 6 ಕೆ.ಜಿ., ನಾಲ್ಕೈದು ಸಲಕ್ಕೆ ಹಂಚಿ ಹಾಕಿ. ಸವಾರಿಗೆ ಮೊದಲು ಒಂದಿಷ್ಟು ಹುಲ್ಲು ತಿನ್ನಲು ಬಿಡಿ. ನಿಮ್ಮ ಕಡೆ ಎಲೆಕೋಸು ಹೇರಳ; ದನಗಳಿಗೆ ಹಾಕುವಂತೆ ಅದರ ಎಲೆಯನ್ನು ಇದಕ್ಕೆ ರಾಶಿ ಹಾಕಬೇಡಿ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಹೊಟ್ಟೆಯುಬ್ಬರ ಅದಕ್ಕೆ ಪ್ರಾಣಾಂತಿಕವಾಗಬಹುದು.

ಮೂರನೆಯ ಕಾರಣ ತೂಕ. ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, ಬಂದದ್ದನ್ನು 11,880ರಿಂದ ಭಾಗಿಸಿದರೆ ಕುದುರೆಯ ತೂಕದ ಅಂದಾಜು ಸಿಗುತ್ತದೆ. ನೀವು ಕೊಟ್ಟ ಅಳತೆಗೆ ಚೆನ್ನಿಯ ತೂಕ ಸುಮಾರು 312 ಕೆ.ಜಿ. ಜೀನು ಸೇರಿ ಸವಾರನ ಭಾರ ಕುದುರೆಯ ತೂಕದ ನೂರಕ್ಕೆ 20 ಭಾಗ ಮೀರಬಾರದು. ಇನ್ನೂ ಪಳಗುತ್ತಿರುವ ಕುದುರೆಗೆ 15ರ ಸುತ್ತಮುತ್ತ ಇದ್ದರೆ ಒಳಿತು. 2008ರಲ್ಲಿ ಅಮೆರಿಕದ ಒಹಾಯೊ ರಾಜ್ಯದಲ್ಲಿ ನಡೆದ ಅಧ್ಯಯನವೊಂದರಲ್ಲಿ ಭಾರ ನೂರಕ್ಕೆ 25 ಮತ್ತು 30 ಆದಾಗ ಕುದುರೆಗಳ ಬೆನ್ನಿನ ಸ್ನಾಯುಗಳಲ್ಲಿ ನೋವೂ ಬಿಗಿತವೂ ಎದ್ದುಕಂಡವು. ಈ ಲೆಕ್ಕದಲ್ಲಿ ಚೆನ್ನಿಯ ಗರಿಷ್ಠ ಮಿತಿ 62 ಕೆ.ಜಿ. ನಿಮ್ಮ 78ಕ್ಕೆ ಜೀನಿನ 8 ಸೇರಿಸಿದರೆ 86 ಆಗುತ್ತದೆ, ಎಂದರೆ ನೂರಕ್ಕೆ 27ಕ್ಕೂ ಮೇಲು. ಬೇಸರವಾಗಬಹುದು, ಆದರೂ ಹೇಳಲೇಬೇಕು: ಈ ಕುದುರೆಯ ಮೇಲೆ ನೀವು ಕೂರಬಾರದು. ನಿಮ್ಮ ಮಗನಾದರೆ ಜೀನು ಸೇರಿ 50 ಕೆ.ಜಿ. ಆಗುತ್ತಾನೆ, ಅವನಿಗೆ ಇದು ತಕ್ಕ ಕುದುರೆ. ಪಳಗಿಸುವ ಕೆಲಸವನ್ನು ನೆಲದ ಮೇಲೆ ನಿಂತು ನೀವು ಮಾಡಿ, ಸವಾರಿಯನ್ನು ಅವನಿಗೆ ಬಿಡಿ.

ಕುದುರೆಯ ಮುಖ ನೋಡಿ ನೋವನ್ನು ಗುರುತಿಸುವುದನ್ನೂ ಇಬ್ಬರೂ ಕಲಿತುಕೊಳ್ಳಿ. ಕಿವಿಗಳು ಬಿರುಸಾಗಿ ಹಿಂದಕ್ಕೆ ತಿರುಗಿರುವುದು, ಕಣ್ಣಿನ ಮೇಲೆ ಚರ್ಮ ಸೆಳೆದು ಮೂಳೆ ಎದ್ದುಕಾಣುವುದು, ರೆಪ್ಪೆ ಅರೆಮುಚ್ಚಿರುವುದು, ದವಡೆಯ ಸ್ನಾಯು ಗಟ್ಟಿಯಾಗಿರುವುದು, ಗಲ್ಲ ಮುದುಡಿ ಗುಂಡಗಾಗಿರುವುದು ಇವೆಲ್ಲ 2014ರಿಂದ ಪಶುವೈದ್ಯರು ಕ್ರಮಬದ್ಧವಾಗಿ ಬಳಸುತ್ತಿರುವ ಲಕ್ಷಣಗಳು. ಸವಾರಿಯ ವೇಳೆ ಕಾಣುವ ಇಂಥ 24 ನಡವಳಿಕೆಗಳನ್ನು ಬ್ರಿಟನ್ನಿನ ಪಶುವೈದ್ಯೆ ಸ್ಯೂ ಡೈಸನ್ 2018ರಲ್ಲಿ ಪಟ್ಟಿ ಮಾಡಿದರು. ಅವುಗಳಲ್ಲಿ ಎಂಟು ಅಥವಾ ಹೆಚ್ಚು ಒಟ್ಟಿಗೆ ಕಂಡರೆ ಕುದುರೆಗೆ ಎಲ್ಲಿಯೋ ನೋವಿದೆ ಎಂದು ಶಂಕಿಸಬೇಕು. ಹಟವೆಂದು ನಾವು ಹೊಡೆಯುವ ಎಷ್ಟೋ ನಡವಳಿಕೆಗಳು ಆ ಪಟ್ಟಿಯಲ್ಲಿವೆ ಎಂಬುದು ನನ್ನನ್ನು ಇಂದಿಗೂ ಕಾಡುವ ಸಂಗತಿ.

ಇನ್ನು ರಾತ್ರಿಯ ವಿಷಯ. ನೀವು ಇದರ ಬಗ್ಗೆ ಏನೂ ಕೇಳಿಲ್ಲ, ಆದರೆ ತಾಳವಾಡಿ ಎಂದ ಮೇಲೆ ಸತ್ಯಮಂಗಲದ ಕಾಡಿನ ಆನೆಗಳು ಬಾಳೆ, ಕಬ್ಬಿನ ತೋಟಗಳಿಗೆ ಇಳಿಯುವುದೂ ಅವುಗಳನ್ನು ಓಡಿಸಲು ಪಟಾಕಿ ಸಿಡಿಸುವುದೂ ಇದ್ದೇ ಇರುತ್ತವೆ. ಕುದುರೆ ನಿಂತುಕೊಂಡೇ ತೂಕಡಿಸಬಲ್ಲದು, ಆದರೆ ಗಾಢನಿದ್ರೆಯ ಒಂದು ಭಾಗವನ್ನು ಮಲಗಿಯೇ ಪಡೆಯಬೇಕು. ಸುರಕ್ಷಿತವೆನಿಸದ ಜಾಗದಲ್ಲಿ, ಜೊತೆಗಾರರಿಲ್ಲದ ಕುದುರೆ ಮಲಗುವುದಿಲ್ಲ. ಹಾಗೆ ದಿನಗಟ್ಟಲೆ ನಿದ್ದೆಗೆಟ್ಟ ಕುದುರೆ ಎಲ್ಲಕ್ಕೂ ಬೆಚ್ಚುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಚೆನ್ನಿಯ ಪಕ್ಕೆಯನ್ನೂ ತೊಡೆಯನ್ನೂ ನೋಡಿ. ಹುಲ್ಲಿನ ಚೂರು, ಲದ್ದಿಯ ಕಲೆ ಅಂಟಿದ್ದರೆ ರಾತ್ರಿ ಮಲಗಿತ್ತೆಂದು ಅರ್ಥ. ವಾರವಿಡೀ ಮೈ ಚೊಕ್ಕಟವಾಗಿಯೇ ಇದ್ದು, ಮುಂಗಾಲಿನ ಗೊರಸಿನ ಮೇಲಿನ ಗಿಣ್ಣಿನ ಮುಂಭಾಗದಲ್ಲಿ ತರಚಿದ ಗಾಯಗಳಿದ್ದರೆ ಅದು ನಿಂತಲ್ಲೇ ನಿದ್ದೆಗೆ ಜಾರಿ ಮುಗ್ಗರಿಸುತ್ತಿದೆ. ಗಿಡ್ಡ ಹಗ್ಗದಲ್ಲಿ ಕಟ್ಟುವ ಬದಲು ಮೂರು ಕಡೆ ಗೋಡೆಯಿರುವ, ಒಣಹುಲ್ಲು ದಪ್ಪಗೆ ಹಾಸಿದ ಜಾಗದಲ್ಲಿ ಬಿಡಿಯಾಗಿ ಬಿಡಿ. ದನಗಳು ಕಣ್ಣಿಗೆ ಕಾಣುವಂತಿದ್ದರೆ ಒಳ್ಳೆಯದೇ, ಆದರೆ ಪಕ್ಕದಲ್ಲಿ ಇನ್ನೊಂದು ಕುದುರೆಯೋ ಕತ್ತೆಯೋ ಇದ್ದರೆ ಇನ್ನೂ ಒಳಿತು. ಅದೂ ಆಗದಿದ್ದರೆ ಒಂದು ಆಡನ್ನಾದರೂ ಕಟ್ಟಿ. ಆಡಿನ ಸಂಗಾತದಿಂದ ಸಮಾಧಾನಗೊಳ್ಳುವ ಕುದುರೆಗಳು ಬಹಳ ಇವೆ.

ನೋವೂ ನಿದ್ದೆಗೇಡೂ ಇಲ್ಲವೆಂದು ಖಾತರಿಯಾದ ಮೇಲೆ ಕಲಿಕೆಯ ಮಾತು. ಇಲ್ಲಿ ಬೆಲ್ಲದ ಕಥೆಯನ್ನು ಬಿಡಿಸಿ ನೋಡಬೇಕು. ನೀವು ಬೆಲ್ಲ ತೋರಿಸಿದಿರಿ, ಚೆನ್ನಿ ಬಂತು, ಹಿಡಿದಿರಿ, ಜೀನು ಹೇರಿದಿರಿ, ಹೊಟ್ಟೆಪಟ್ಟಿ ಬಿಗಿದಿರಿ, ಮುಳ್ಳಿನ ಕಡಿವಾಣ ತುರುಕಿದಿರಿ. ಕುದುರೆ ಕಲಿಯುವುದು ಯಾವುದರ ಹಿಂದೆ ಯಾವುದು ಬರುತ್ತದೆ ಎಂಬ ಕ್ರಮದಿಂದ. ಬೆಲ್ಲದ ಹಿಂದೆ ಪ್ರತಿ ಸಲವೂ ನೋವು ಬಂದದ್ದರಿಂದ ಬೆಲ್ಲವೇ ನೋವಿನ ಮುನ್ಸೂಚನೆಯಾಯಿತು. ಈಗ ಅನುಮಾನದಿಂದ ನೋಡುವುದು ಅದರ ಜಾಣತನ. ಮಾಡಬೇಕಾದದ್ದು ಈ ಕ್ರಮವನ್ನು ತಿರುವುಮುರುವು ಮಾಡುವುದು: ಜೀನು ಮೊದಲು, ಒಳ್ಳೆಯದು ಆಮೇಲೆ. ಮತ್ತು ಹಿಡಿದ ಪ್ರತಿ ಸಲವೂ ಕೆಲಸವಿರಬಾರದು. ಹತ್ತು ಸಲ ಹಾಲ್ಟರ್ (ಕಡಿವಾಣವಿಲ್ಲದ ತಲೆಪಟ್ಟಿ) ಹಾಕಿದರೆ ಏಳೆಂಟು ಸಲ ಸುಮ್ಮನೆ ಜೂಲಿನ ಬುಡ ತುರಿಸಿ, ಹಸಿರು ಗರಿಕೆಯಿರುವ ಬದುವಿಗೆ ಕರೆದೊಯ್ದು ಮೇಯಿಸಿ, ಬಿಟ್ಟುಬಿಡಿ. ಜೂಲಿನ ಬುಡವೆಂದು ಹೇಳಿದ್ದಕ್ಕೆ ಕಾರಣವಿದೆ. ಗೆಳೆತನವಿರುವ ಕುದುರೆಗಳು ಒಂದನ್ನೊಂದು ಹಲ್ಲಿನಿಂದ ತುರಿಸುವುದು ಬೆನ್ನು ಆರಂಭವಾಗುವ ಆ ಉಬ್ಬಿನ ಹತ್ತಿರ. ಫ್ರಾನ್ಸಿನ ಕಮಾರ್ಗ್ ಕುದುರೆಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದೇ ಜಾಗವನ್ನು ಮನುಷ್ಯರು ತುರಿಸಿದಾಗ ಕುದುರೆಯ ಹೃದಯಬಡಿತ ಇಳಿದದ್ದು ಕಂಡುಬಂತು. ಬೇರೆ ಕಡೆ ತುರಿಸಿದಾಗ ಇಳಿಯಲಿಲ್ಲ. ನಾವು ಮಾಡುವಂತೆ ಹಣೆಯ ಮೇಲೆ ತಟ್ಟುವುದು ಬಹಳ ಕುದುರೆಗಳಿಗೆ ಹಿತವಲ್ಲ. ಹಣೆಯ ನೇರ ಮುಂದೆ ಅದಕ್ಕೆ ಕಣ್ಣು ಕಾಣದ ಜಾಗವೊಂದಿದೆ, ಅಲ್ಲಿಂದ ಕೈ ಚಾಚಿದರೆ ಬೆಚ್ಚುವುದು ಸಹಜ.

ಜೀನಿನ ಪಾಠವನ್ನು ಹೀಗೆ ಆರಂಭಿಸಿ. ಚೆನ್ನಿಗೆ ಹಾಲ್ಟರ್ ಹಾಕಿ, ಹಗ್ಗವನ್ನು ಎಲ್ಲಿಗೂ ಕಟ್ಟದೆ, ಮಗನ ಕೈಯಲ್ಲಿ ಸಡಿಲವಾಗಿ ಕೊಟ್ಟು ನಿಲ್ಲಿಸಿ. ನೀವು ಜೀನನ್ನಲ್ಲ, ಅದರ ಕೆಳಗಿನ ಗಾದಿಯನ್ನು ಮಾತ್ರ ಮಡಿಸಿ ತೋಳಿನ ಮೇಲೆ ಹಾಕಿಕೊಂಡು, ಎದುರಿನಿಂದಲೂ ಹಿಂದಿನಿಂದಲೂ ಅಲ್ಲದೆ, ಅದರ ಎಡಹೆಗಲಿನ ಕಡೆಗೆ ಓರೆಯಾಗಿ ನಡೆಯಿರಿ. ಕಣ್ಣು ಅದರ ಮೇಲಿರಲಿ, ದಿಟ್ಟಿಸಬೇಡಿ. ಹದಿನೈದು ಹೆಜ್ಜೆ ದೂರದಲ್ಲಿಯೇ ಏನಾದರೊಂದು ಬದಲಾಗುತ್ತದೆ: ಒಂದು ಕಿವಿ ನಿಮ್ಮ ಕಡೆ ತಿರುಗುತ್ತದೆ, ಜಗಿಯುತ್ತಿದ್ದ ಬಾಯಿ ನಿಲ್ಲುತ್ತದೆ, ಮೂಗಿನ ಹೊಳ್ಳೆ ಬಿಗಿಯುತ್ತದೆ, ತಲೆ ನಾಲ್ಕು ಬೆರಳು ಮೇಲೇಳುತ್ತದೆ. ಅಲ್ಲಿಯೇ ನಿಲ್ಲಿ. ಕಿವಿ ಹಿಂದಕ್ಕೆ ಹೋಗುವವರೆಗೆ, ಕಾಲು ಕೀಳುವವರೆಗೆ ಕಾಯಬೇಡಿ. ಆ ಮೊದಲ ಸೂಚನೆಯಲ್ಲಿ ನಿಂತು, ಉಸಿರು ಸಡಿಲಿಸಿ, ಚೆನ್ನಿಯ ತಲೆ ಮತ್ತೆ ಇಳಿಯುವವರೆಗೆ ಕಾದು, ಇಳಿದ ತಕ್ಷಣ ಬೆನ್ನು ತಿರುಗಿಸಿ ಐದಾರು ಹೆಜ್ಜೆ ಹಿಂದೆ ಹೋಗಿ. ಮಗ ಆ ಕ್ಷಣದಲ್ಲಿ ಒಂದು ಹಿಡಿ ಗರಿಕೆ ಕೊಡಲಿ. ಮತ್ತೆ ಬನ್ನಿ. ಎರಡನೆಯ ಅಥವಾ ಮೂರನೆಯ ಸಲಕ್ಕೆ ನೀವು ನಿಲ್ಲುವ ಜಾಗ ಒಂದೆರಡು ಹೆಜ್ಜೆ ಹತ್ತಿರ ಬಂದಿರುತ್ತದೆ. ನಿಮ್ಮ ಗಾದಿ ದೂರ ಹೋಗುವುದು ತನ್ನ ಕೈಯಲ್ಲಿಯೇ ಇದೆ, ಓಡಬೇಕಿಲ್ಲ, ಕಚ್ಚಬೇಕಿಲ್ಲ, ಸುಮ್ಮನೆ ನಿಂತರೆ ಸಾಕು ಎಂಬುದು ಚೆನ್ನಿಗೆ ತಿಳಿಯುತ್ತಿದೆ ಎಂದು ಇದರಿಂದ ಗೊತ್ತಾಗುತ್ತದೆ.

ಹತ್ತು ನಿಮಿಷಕ್ಕಿಂತ ಹೆಚ್ಚು ಮಾಡಬೇಡಿ. ಗಾದಿಯನ್ನು ಮೂಸಲು ಬಿಡಿ, ಹೆಗಲಿಗೆ ಸೋಕಿಸಿ ತೆಗೆಯಿರಿ, ಬೆನ್ನಿನ ಮೇಲೆ ಇಟ್ಟು ಮೂರು ಉಸಿರಿನಷ್ಟು ಹೊತ್ತಿಗೆ ತೆಗೆಯಿರಿ. ಇಡುವುದಕ್ಕಿಂತ ತೆಗೆಯುವುದೇ ಹೆಚ್ಚು ಕಲಿಸುತ್ತದೆ. ಇದೇ ಕ್ರಮದಲ್ಲಿ ಜೀನು, ಆಮೇಲೆ ಜೋತಾಡುವ ಹೊಟ್ಟೆಪಟ್ಟಿ, ಆಮೇಲೆ ಹೊಟ್ಟೆಗೆ ಸೋಕುವ ಪಟ್ಟಿ, ಆಮೇಲೆ ಒಂದು ತೂತಿನಷ್ಟು ಬಿಗಿತ. ಪಟ್ಟಿಯನ್ನು ಒಂದೇ ಎಳೆತಕ್ಕೆ ಬಿಗಿಯುವ ಅಭ್ಯಾಸವನ್ನು ಬಿಟ್ಟು, ಒಂದು ತೂತು ಏರಿಸಿ ನಾಲ್ಕು ಹೆಜ್ಜೆ ನಡೆಸಿ, ಮತ್ತೊಂದು ತೂತು ಏರಿಸಿ. ಬಲಗಡೆಯಿಂದಲೂ ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಕುದುರೆಯ ಎರಡು ಕಣ್ಣುಗಳು ಕಂಡದ್ದು ಮಿದುಳಿನಲ್ಲಿ ಒಂದಕ್ಕೊಂದು ತಲುಪುವುದೇ ಇಲ್ಲ ಎಂಬ ಮಾತು ಪ್ರಚಾರದಲ್ಲಿದೆ, ಅದು ಸರಿಯಲ್ಲ. ಆದರೆ ಅದೇ ವಸ್ತು ಬೇರೆ ಕೋನದಿಂದ ಬೇರೆಯೇ ಆಗಿ ಕಾಣುವುದರಿಂದ ಬಲಗಡೆಯ ಭಯ ಬೇರೆಯಾಗಿಯೇ ಕಳೆಯಬೇಕು. ಎಷ್ಟು ದಿನ ಬೇಕೆಂದು ಕೇಳಬೇಡಿ. ಬಾಯಿಯ ಗಾಯ ಮಾಗುವಷ್ಟು ದಿನ ಹೇಗೂ ಕಾಯಬೇಕಲ್ಲ, ಆ ದಿನಗಳನ್ನು ಇದಕ್ಕೆ ಬಳಸಿ. ನಾಲಿಗೆ ಚಾಚಿ ತುಟಿ ಸವರಿದರೆ ಕುದುರೆ ಒಪ್ಪಿತು ಎಂದು ಹೇಳುವವರಿದ್ದಾರೆ. ಭಯ ಏರಿ ಇಳಿಯುವಾಗಲೂ ಅದು ಹಾಗೆಯೇ ಮಾಡುತ್ತದೆ, ಅದೊಂದನ್ನೇ ನಂಬಬೇಡಿ. ಕುತ್ತಿಗೆ ಬೆನ್ನಿನ ಮಟ್ಟಕ್ಕೆ ಇಳಿದಿರುವುದು, ಕೆಳತುಟಿ ಸಡಿಲವಾಗಿರುವುದು, ಉಸಿರು ನಿಧಾನವಾಗಿರುವುದು ಮೂರೂ ಒಟ್ಟಿಗೆ ಇದ್ದರೆ ನಂಬಬಹುದು.

ಹಗ್ಗ ಹಿಡಿದು ನಡೆಸುವಾಗಲೂ ಇದೇ ನಿಯಮ, ಆದರೆ ಇಲ್ಲಿ ಹೊತ್ತಿನ ಅಳತೆ ಇನ್ನೂ ಸೂಕ್ಷ್ಮ. ಮುಂದೆ ಬಾ ಎಂದು ಹಗ್ಗವನ್ನು ಬೆರಳಿನಿಂದ ಮೆಲ್ಲನೆ ಬಿಗಿ ಮಾಡಿ ಹಾಗೆಯೇ ಹಿಡಿದಿರಿ, ಜಗ್ಗಬೇಡಿ, ಏರಿಸಬೇಡಿ. ಚೆನ್ನಿ ಮೈಭಾರವನ್ನು ಮುಂದಕ್ಕೆ ಒಂದಿಷ್ಟು ವಾಲಿಸಿದ ಕೂಡಲೇ ಹಗ್ಗ ಸಡಿಲವಾಗಬೇಕು. ಸಡಿಲವಾಗುವುದು ಮೂರು ಸೆಕೆಂಡ್ ತಡವಾದರೆ ಅಷ್ಟರಲ್ಲಿ ಅದು ತಲೆ ಎತ್ತಿರುತ್ತದೆ ಅಥವಾ ನಿಂತಿರುತ್ತದೆ, ಆಗ ಸಡಿಲಿಸಿದರೆ ತಲೆ ಎತ್ತುವುದನ್ನೇ ಕಲಿಸಿದಂತಾಗುತ್ತದೆ. ಲಗಾಮು, ಕಾಲಿನ ಒತ್ತು, ಸವಾರನ ಮೈವಾಲಿಕೆ ಎಲ್ಲವೂ ಕುದುರೆಗೆ ಅರ್ಥವಾಗುವುದು ಒತ್ತಿನಿಂದಲ್ಲ, ಒತ್ತು ಬಿಡುವ ಹೊತ್ತಿನಿಂದ. ಮೈಮೇಲೆ ನೊಣ ಕೂತರೂ ಅಷ್ಟೇ ಜಾಗದ ಚರ್ಮವನ್ನು ಅದುರಿಸಿ ಓಡಿಸುವ ಪ್ರಾಣಿಗೆ ಮುಳ್ಳು ಚುಚ್ಚಿ ಹೇಳಬೇಕಾದದ್ದು ಏನೂ ಇಲ್ಲ.

ಹೊಡೆತದ ಬಗ್ಗೆ ಒಂದು ಮಾತು. 1824ರಲ್ಲಿ ಸೈನ್ಯದ ಕುದುರೆಗಳಿಗೆಂದೇ ಶುರುವಾದ ನಮ್ಮ ಹೊಸೂರಿನ ಮತ್ತಿಗಿರಿಯ ಪಶುಸಾಕಣೆ ಕ್ಷೇತ್ರ ಇಂದು ದನಕರುಗಳಿಗೆ ಹೆಸರಾಗಿದೆ. ಕುದುರೆಯೊಡನೆ ಹುಟ್ಟಿ ಬೆಳೆದು ಕಲಿತ ಮನೆತನಗಳು ನಮ್ಮ ಗಡಿಸೀಮೆಯಲ್ಲಿ ವಿರಳವಾಗಿವೆ. ಹೀಗಾಗಿ ಸಂತೆಯ ದಲ್ಲಾಳಿಗಳು ಹೇಳಿಕೊಟ್ಟದ್ದೇ ಶಾಸ್ತ್ರವಾಗಿದೆ. ನಿಮ್ಮ ಹಿರಿಯರು ಕೆಟ್ಟ ಮನಸ್ಸಿನಿಂದ ಹೇಳಿರಲಾರರು. ಹೊಡೆದರೆ ಕುದುರೆ ಆ ಕ್ಷಣಕ್ಕೆ ಮುಂದೆ ಹೋಗುವುದೂ ನಿಜ, ಆದರೆ ಮೋರಿಗಿಂತ ಹೆಚ್ಚಿನ ಭಯ ಬೆನ್ನ ಹಿಂದಿದೆ ಎಂಬ ಕಾರಣಕ್ಕೆ ಹೋಗುತ್ತದೆ, ಮತ್ತು ಆ ಭಯ ನಿಮ್ಮ ಹೆಸರಿನಲ್ಲಿ ಉಳಿಯುತ್ತದೆ. ವೃತ್ತಾಕಾರದ ಅಂಗಳದಲ್ಲಿ ಸುತ್ತಿ ಸುತ್ತಿ ಓಡಿಸಿ, ದಣಿದು ನಡುವಿಗೆ ಬಂದಾಗ ಸ್ನೇಹವಾಯಿತು ಎನ್ನುವ ಪದ್ಧತಿಯನ್ನೂ ನಾನು ಸಲಹೆ ಮಾಡುವುದಿಲ್ಲ. ಅಲ್ಲಿಯೂ ಕುದುರೆಯನ್ನು ನಡುವಿಗೆ ತರುವುದು ಓಡಿಸುವುದು ನಿಲ್ಲಲಿ ಎಂಬ ಅಪೇಕ್ಷೆಯೇ. ಇದರರ್ಥ ಕಚ್ಚಿದರೂ ಸಹಿಸಿಕೊಳ್ಳಬೇಕೆಂದಲ್ಲ. ಮಗನ ಮೈಮೇಲೆ ಏರಿಬರುವಂತಿದ್ದರೆ ಹಗ್ಗದ ತುದಿಯನ್ನು ಗಾಳಿಯಲ್ಲಿ ಬೀಸಿ ಒಂದು ಮಾರು ದೂರ ನಿಲ್ಲಿಸಿ. ನಿಂತ ಕ್ಷಣ ಬೀಸುವುದನ್ನು ನಿಲ್ಲಿಸಿ. ಎಲ್ಲಿ ನಿಲ್ಲಬೇಕೆಂಬ ಗೆರೆ ಪ್ರತಿದಿನವೂ ಒಂದೇ ಆಗಿರುವುದು ಕುದುರೆಗೆ ನೆಮ್ಮದಿಯ ಸಂಗತಿ.

ಮೋರಿಯ ಸಮಸ್ಯೆ ಇಷ್ಟು ದೊಡ್ಡದಲ್ಲ. ಕುದುರೆಯ ಕಣ್ಣು ತಲೆಯ ಎರಡು ಪಕ್ಕದಲ್ಲಿದ್ದು ಸುಮಾರು 350 ಡಿಗ್ರಿಯಷ್ಟು ಸುತ್ತಲನ್ನೂ ನೋಡುತ್ತದೆ, ಆದರೆ ಬಿಸಿಲಿನಿಂದ ನೆರಳಿಗೆ ಹೊಂದಿಕೊಳ್ಳಲು ನಮಗಿಂತ ಹೆಚ್ಚು ಹೊತ್ತು ಬೇಕು. ಮೋರಿಯ ಕಪ್ಪು ಬಾಯಿ ಅದಕ್ಕೆ ಆಳ ತಿಳಿಯದ ಗುಂಡಿಯಾಗಿ ಕಾಣಬಹುದು. ತಲೆ ಬಗ್ಗಿಸಿ ಮೂಸಿ ನೋಡಲು ಹಗ್ಗ ಬಿಡಿ, ಪಳಗಿದ ಎತ್ತೊಂದನ್ನು ಮುಂದೆ ದಾಟಿಸಿ, ಸೂರ್ಯ ನೆತ್ತಿಯ ಮೇಲಿರುವ ಹೊತ್ತಿಗೆ ಬದಲಾಗಿ ಬೆಳಕು ಸಮನಾಗಿರುವ ಹೊತ್ತಿನಲ್ಲಿ ಪ್ರಯತ್ನಿಸಿ. ಆದರೆ ಚೆನ್ನಿ ಮೋರಿಯನ್ನಲ್ಲದೆ ಕಾಡಿನ ಅಂಚಿನ ಕಡೆ ಕಿವಿ ನೆಟ್ಟು, ಹೊಳ್ಳೆ ಅರಳಿಸಿ ನಿಂತಿದ್ದರೆ ಆ ದಿನ ಹಿಂದಿರುಗಿ ಬನ್ನಿ. ಆನೆಯ ಅಥವಾ ಚಿರತೆಯ ವಾಸನೆ ನಿಮಗಿಂತ ಮೊದಲು ಅದಕ್ಕೆ ತಿಳಿದಿರುತ್ತದೆ.

ಮಗನ ಭಯವನ್ನು ಹೀಯಾಳಿಸಬೇಡಿ, ಬಚ್ಚಿಡಲೂ ಹೇಳಬೇಡಿ. 2009ರಲ್ಲಿ ಸ್ವೀಡನ್ನಿನ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಕುದುರೆಯನ್ನು ನಡೆಸುವವರಿಗೂ ಸವಾರರಿಗೂ, ನಾಲ್ಕನೆಯ ಸುತ್ತಿನಲ್ಲಿ ಪಕ್ಕದಲ್ಲಿ ಕೊಡೆಯೊಂದು ತೆರೆದುಕೊಳ್ಳುತ್ತದೆ ಎಂದು ಹೇಳಿದ್ದರು. ಕೊಡೆ ತೆರೆಯಲೇ ಇಲ್ಲ. ಆದರೂ ಆ ಸುತ್ತಿನಲ್ಲಿ ಮನುಷ್ಯರ ಹೃದಯಬಡಿತದೊಡನೆ ಏನೂ ತಿಳಿಯದ ಕುದುರೆಗಳ ಹೃದಯಬಡಿತವೂ ಏರಿತು. ಹೆದರಿದ ಸವಾರ ಉಸಿರು ಬಿಗಿ ಹಿಡಿಯುತ್ತಾನೆ, ತೊಡೆ ಬಿಗಿಯುತ್ತಾನೆ, ಲಗಾಮು ಗಿಡ್ಡ ಮಾಡುತ್ತಾನೆ. ಕುದುರೆಗೆ ಅಷ್ಟು ಸಾಕು. ಆದ್ದರಿಂದ ಅವನು ಮೊದಲ ಕೆಲವು ವಾರ ಜೀನಿನ ಮೇಲೆ ಕೂರುವುದೇ ಬೇಡ. ಮೈ ಉಜ್ಜುವುದು, ಗೊರಸಿನ ಮಣ್ಣು ತೆಗೆಯುವುದು, ಮೇವು ಹಾಕುವುದು, ಬದುವಿನಲ್ಲಿ ನಡೆಸುವುದು ಎಲ್ಲವನ್ನೂ ಅವನೇ ಮಾಡಲಿ, ನೀವು ಪಕ್ಕದಲ್ಲಿರಿ. ಚೆನ್ನಿಯ ಯಾವ ಕಿವಿ ಯಾವಾಗ ತಿರುಗುತ್ತದೆ ಎಂದು ಅವನು ನಿಮಗೆ ಹೇಳುವಂತಾದಾಗ ಅವನ ಭಯ ಅರ್ಧ ಇಳಿದಿರುತ್ತದೆ.

ಹತ್ತುವುದಕ್ಕೆ ಮನೆಯ ಜಗಲಿಕಟ್ಟೆಯನ್ನು ಬಳಸಿ. ನೆಲದಿಂದ ರಿಕಾಪಿಗೆ (ಜೀನಿನಿಂದ ಇಳಿಬಿಟ್ಟ ಕಾಲಿಡುವ ಬಳೆಗೆ) ಕಾಲು ಕೊಟ್ಟು ಹತ್ತಿದರೆ ಜೀನು ಒಂದು ಕಡೆಗೆ ಎಳೆದು ಬೆನ್ನಿನ ಉಬ್ಬನ್ನು ತಿರುಚುತ್ತದೆ. ಕಟ್ಟೆಯ ಪಕ್ಕಕ್ಕೆ ಬಂದು ನಿಲ್ಲುವುದನ್ನು ಮೊದಲು ಜೀನಿಲ್ಲದೆ, ಆಮೇಲೆ ಜೀನಿನೊಡನೆ ಕಲಿಸಿ. ಹಗ್ಗ ಸಡಿಲವಾಗಿದ್ದರೂ ಚೆನ್ನಿ ತಾನಾಗಿ ಪಕ್ಕೆ ಕೊಟ್ಟು ನಿಂತರೆ ಮಗ ಹತ್ತಲಿ. ಸರಿದು ಹೋದರೆ ಆ ದಿನ ಹತ್ತುವುದು ಬೇಡ, ಏಕೆ ಸರಿಯಿತೆಂದು ಬೆನ್ನು, ಪಟ್ಟಿ, ಬಾಯಿಗಳನ್ನು ಮತ್ತೊಮ್ಮೆ ನೋಡಿ. ಮೊದಮೊದಲು ಕಡಿವಾಣವೇ ಇಲ್ಲದೆ, ಹಾಲ್ಟರಿನ ಹಗ್ಗ ನಿಮ್ಮ ಕೈಯಲ್ಲಿರುವಂತೆ, ಬೇಲಿಯಿರುವ ಅಂಗಳದಲ್ಲಿ ನಡಿಗೆಯಷ್ಟೇ ಸಾಕು. ಬಾಯಿ ಪೂರ್ತಿ ಮಾಗಿದ ಮೇಲೆ ನಯವಾದ, ಮುಳ್ಳಾಗಲೀ ಸನ್ನೆಕೋಲಾಗಲೀ ಇಲ್ಲದ ಸಾದಾ ಕಡಿವಾಣ ಕೊಳ್ಳಿ. ನಡಿಗೆಯಲ್ಲಿ ನಿಲ್ಲುವುದೂ ತಿರುಗುವುದೂ ಹಗುರವಾದ ಸೂಚನೆಗೆ ಬಂದ ನಂತರವೇ ಕುಕ್ಕುಲೋಟ (ಟ್ರಾಟ್). ತಲೆಗೆ ಗಲ್ಲಪಟ್ಟಿಯಿರುವ ಸವಾರಿ ಹೆಲ್ಮೆಟ್ ಮತ್ತು ರಿಕಾಪಿನಲ್ಲಿ ಸಿಕ್ಕಿಕೊಳ್ಳದಂಥ ಹಿಮ್ಮಡಿಯಿರುವ ಬೂಟು ಇಲ್ಲದೆ ಒಂದು ಸುತ್ತೂ ಬೇಡ. ಅಂಗಳ ಬಿಟ್ಟು ತೋಟದ ದಾರಿಗೆ ಹೋಗುವಾಗ ಮೊದಲು ನೀವು ಹಗ್ಗ ಹಿಡಿದು ನಡೆಯಿರಿ, ಮತ್ತು ಮುಸ್ಸಂಜೆಗೆ ಒಂದು ಗಂಟೆ ಮುಂಚೆಯೇ ಮನೆ ಸೇರಿಕೊಳ್ಳಿ.

ವೈದ್ಯರು ಹಲ್ಲು, ಬೆನ್ನು ನೋಡಿ ಏನು ಹೇಳಿದರೆಂದು ನನಗೆ ಬರೆದು ತಿಳಿಸಿ. ಹೊಟ್ಟೆಹುಣ್ಣಿನ ಅನುಮಾನವಿದ್ದರೆ ಔಷಧದೊಡನೆ ಮೇವಿನ ಕ್ರಮವನ್ನೂ ಬದಲಿಸಬೇಕಾಗುತ್ತದೆ. ನೀವು ಈಗ ಹಾಕುತ್ತಿರುವ ಹುರುಳಿ, ಬೂಸಾ, ರಾಗಿಹುಲ್ಲುಗಳ ಪ್ರಮಾಣವನ್ನು ಜೊತೆಗೆ ಬರೆದರೆ ಅದಕ್ಕೆ ತಕ್ಕಂತೆ ಸೂಚಿಸುತ್ತೇನೆ.